ಸಂಬಳವಿಲ್ಲದ ಹುದ್ದೆಗೆ ಕೊಟ್ಟ ಉಪನ್ಯಾಸ

ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಹೋಗಿ ಬಂದವರಿಗೆ ‘ಡೆಮೊ ಕ್ಲಾಸ್’ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೂರು ವಿಷಯ ತಯಾರಿ ಮಾಡಿಕೊಂಡು ಬನ್ನಿ ಅಂತ ಫೋನಿನಲ್ಲಿ ಹೇಳಿರುತ್ತಾರೆ. ನಾವು ಎರಡನ್ನು ಅರೆದು ಕುಡಿದಿರುತ್ತೇವೆ, ಮೂರನೆಯದನ್ನು ಪಟ್ಟಿ ತುಂಬಿಸಲು ಬರೆದಿರುತ್ತೇವೆ. ಒಳಗೆ ಕೂತವರು ಸರಿಯಾಗಿ ಆ ಮೂರನೆಯದನ್ನೇ ಕೇಳುತ್ತಾರೆ! ಹೋದ ವರ್ಷ ನನಗೂ ಹಾಗೇ ಆಯಿತು. ಎಂ.ಎಸ್ಸಿ. ಗಣಿತ ಮುಗಿಸಿ ಹೊಸದಾಗಿ ಕೆಲಸ ಹುಡುಕುತ್ತಿದ್ದೆ. ಬೋರ್ಡಿನ ಮೇಲೆ ಅರ್ಧ ಪ್ರಮೇಯ ಬರೆದವಳು, ಉಳಿದರ್ಧ ನೆನಪಾಗದೆ ಚಾಕ್‌ಪೀಸ್ ಹಿಡಿದು ನಿಂತುಬಿಟ್ಟೆ. ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಾದವನು ಬರ್ನ್‌ಹಾರ್ಡ್ ರೀಮನ್. ಅವನಿಗೂ ಮೂರನೇ ವಿಷಯವನ್ನೇ ಕೊಟ್ಟಿದ್ದರು.

ಅದು 1854ರ ಜೂನ್ 10. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯ. ಪರೀಕ್ಷೆ ಎದುರಿಸುತ್ತಿದ್ದವನಿಗೆ 27 ವರ್ಷ. ಎದುರಿಗೆ ತತ್ತ್ವಶಾಸ್ತ್ರ ವಿಭಾಗದ ಪ್ರಾಧ್ಯಾಪಕರು. ಆ ಕಾಲದಲ್ಲಿ ಗಣಿತವೂ ಆ ವಿಭಾಗದ ಅಡಿಯಲ್ಲೇ ಬರುತ್ತಿತ್ತು. ಹಾಗಾಗಿ ಕೂತವರಲ್ಲಿ ಬಹುತೇಕರಿಗೆ ಉನ್ನತ ಗಣಿತ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲವೇ ಮಂದಿಯಲ್ಲಿ ಒಬ್ಬರು ಕಾರ್ಲ್ ಫ್ರೆಡ್ರಿಕ್ ಗೌಸ್. 77 ವರ್ಷದ ವೃದ್ಧರು, ಯುರೋಪಿನ ಅತಿ ದೊಡ್ಡ ಗಣಿತಜ್ಞ ಎಂದು ಹೆಸರಾದವರು.

ಇಷ್ಟಕ್ಕೂ ಆತ ಎದುರಿಸುತ್ತಿದ್ದ ಪರೀಕ್ಷೆ ಯಾವ ಹುದ್ದೆಗೆ ಗೊತ್ತೇ? ‘ಪ್ರಿವಾಟ್‌ಡೋಸೆಂಟ್’ ಎಂಬ ಹುದ್ದೆಗೆ. ಅದಕ್ಕೆ ವಿಶ್ವವಿದ್ಯಾಲಯ ಒಂದು ಪೈಸೆ ಸಂಬಳ ಕೊಡುವುದಿಲ್ಲ. ಪಾಠ ಮಾಡುವ ಹಕ್ಕು ಮಾತ್ರ ಸಿಗುತ್ತದೆ. ಪಾಠ ಕೇಳಲು ಬಂದ ವಿದ್ಯಾರ್ಥಿಗಳು ಕೊಡುವ ಶುಲ್ಕವೇ ಆದಾಯ. ಹತ್ತು ಜನ ಬಂದರೆ ಹತ್ತು ಜನರ ಶುಲ್ಕ, ಯಾರೂ ಬಾರದಿದ್ದರೆ ಏನೂ ಇಲ್ಲ. ಅತಿಥಿ ಉಪನ್ಯಾಸಕರಾಗಿ ದುಡಿದವರು ಈ ಸಾಲುಗಳನ್ನು ಓದಿ ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ಅಂಥ ಹುದ್ದೆಗೂ ಡಾಕ್ಟರೇಟ್ ಬೇಕು, ಅದರ ಮೇಲೆ ಇನ್ನೊಂದು ದೊಡ್ಡ ಪ್ರಬಂಧ ಬೇಕು, ಅದಾದ ಮೇಲೆ ಈ ಉಪನ್ಯಾಸ.

ರೀಮನ್ ಹುಟ್ಟಿದ್ದು 1826ರ ಸೆಪ್ಟೆಂಬರ್ 17ರಂದು, ಹ್ಯಾನೋವರ್ ರಾಜ್ಯದ ಬ್ರೆಸೆಲೆನ್ಸ್ ಎಂಬ ಹಳ್ಳಿಯಲ್ಲಿ. ಅಪ್ಪ ಲೂಥರನ್ ಪಾದ್ರಿ. ಹಳ್ಳಿ ಚರ್ಚಿನ ಪಾದ್ರಿಗೆ ಬರುವ ಆದಾಯ ಎಷ್ಟಿರಬಹುದು? ಮನೆಯಲ್ಲಿ ಆರು ಮಕ್ಕಳು. ಇವನು ಎರಡನೆಯವನು. ಹತ್ತು ವರ್ಷದವರೆಗೂ ಅಪ್ಪನೇ ಮೇಷ್ಟ್ರು. ಆಮೇಲೆ ಓದಿಗಾಗಿ ಮನೆ ಬಿಟ್ಟು ಹ್ಯಾನೋವರ್‌ನಲ್ಲಿ ಅಜ್ಜಿಯ ಬಳಿ ಇದ್ದ. ಅಜ್ಜಿ ತೀರಿಕೊಂಡ ಮೇಲೆ ಲ್ಯೂನೆಬುರ್ಗ್ ಪಟ್ಟಣದ ಶಾಲೆಗೆ ಸೇರಿದ. ವಿಪರೀತ ಸಂಕೋಚದ ಹುಡುಗ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಕೈಕಾಲು ನಡುಗುತ್ತಿತ್ತು. ಮನೆಯ ನೆನಪು ಬಿಡದೆ ಕಾಡುತ್ತಿತ್ತು. ಹಾಸ್ಟೆಲ್‌ನಲ್ಲಿ ಓದಿದ ನಮ್ಮಲ್ಲಿ ಎಷ್ಟೋ ಜನರಿಗೆ ಇದು ಹೊಸದಲ್ಲ.

ಅವನಿಗೆ ಇನ್ನೊಂದು ತೊಂದರೆ ಇತ್ತು. ಪ್ರಬಂಧ ಬರೆದು ಕೊಡು ಎಂದರೆ ಸಮಯಕ್ಕೆ ಸರಿಯಾಗಿ ಕೊಡುತ್ತಿರಲಿಲ್ಲ. ಸೋಮಾರಿತನದಿಂದಲ್ಲ. ಬರೆದದ್ದು ತನಗೇ ಪೂರ್ತಿ ಒಪ್ಪಿಗೆಯಾಗುವವರೆಗೂ ಕೈಬಿಡುತ್ತಿರಲಿಲ್ಲ, ಹರಿದು ಹಾಕಿ ಮತ್ತೆ ಬರೆಯುತ್ತಿದ್ದ. ಈ ಗುಣ ಸಾಯುವವರೆಗೂ ಹೋಗಲಿಲ್ಲ. ಬದುಕಿದ್ದಾಗ ಅವನು ಅಚ್ಚು ಹಾಕಿಸಿದ್ದು ಬೆರಳೆಣಿಕೆಯಷ್ಟು ಲೇಖನಗಳನ್ನು ಮಾತ್ರ.

ಆ ಶಾಲೆಯ ಮುಖ್ಯಸ್ಥ ಶ್ಮಾಲ್‌ಫುಸ್ ಹುಡುಗನ ಗಣಿತದ ಹಸಿವನ್ನು ಗುರುತಿಸಿದರು. ತಮ್ಮ ಸ್ವಂತ ಪುಸ್ತಕಗಳನ್ನು ಓದಲು ಕೊಡುತ್ತಿದ್ದರು. ಒಮ್ಮೆ ಫ್ರಾನ್ಸಿನ ಲೆಜಾಂಡ್ರ್ ಬರೆದ ಸಂಖ್ಯಾಸಿದ್ಧಾಂತದ ಗ್ರಂಥ ಕೊಟ್ಟರು. 850ಕ್ಕೂ ಹೆಚ್ಚು ಪುಟಗಳ ದಪ್ಪ ಪುಸ್ತಕ. ಹುಡುಗ ಒಂದೇ ವಾರದಲ್ಲಿ ತಂದು ಹಿಂದಿರುಗಿಸಿದ. ಓದಿರಲಾರ ಎಂದುಕೊಂಡವರಿಗೆ, ಆಮೇಲೆ ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಕೇಳಿದಾಗ ಎಲ್ಲ ನೆನಪಿಟ್ಟುಕೊಂಡಿದ್ದಾನೆಂದು ಗೊತ್ತಾಯಿತು. ಸಣ್ಣ ಊರಿನ ಶಾಲೆಯಲ್ಲಿ ತಮ್ಮ ಕಪಾಟಿನ ಬೀಗ ತೆಗೆದುಕೊಟ್ಟ ಇಂಥ ಮೇಷ್ಟ್ರ ಹೆಸರನ್ನು ಗಣಿತದ ಚರಿತ್ರೆ ಇನ್ನೂ ಸ್ವಲ್ಪ ಹೆಚ್ಚಾಗಿ ಹೇಳಬೇಕಿತ್ತು ಎಂದು ನನಗನ್ನಿಸುತ್ತದೆ.

1846ರಲ್ಲಿ ಗಟಿಂಗೆನ್‌ಗೆ ಬಂದವನು ಸೇರಿದ್ದು ಗಣಿತಕ್ಕಲ್ಲ, ಧರ್ಮಶಾಸ್ತ್ರಕ್ಕೆ. ಅಪ್ಪನಂತೆ ಪಾದ್ರಿಯಾದರೆ ಬೇಗ ಒಂದು ನೆಲೆ ಸಿಗುತ್ತದೆ, ಮನೆಗೂ ಆಸರೆಯಾಗುತ್ತದೆ ಎಂಬ ಲೆಕ್ಕ. ಆದರೆ ಕಾಲು ಗಣಿತದ ತರಗತಿಗಳ ಕಡೆಗೇ ಎಳೆಯುತ್ತಿತ್ತು. ಕೊನೆಗೆ ಅಪ್ಪನಿಗೆ ಹೇಳಿ ಅನುಮತಿ ಕೇಳಿದ. ಅಪ್ಪ ಒಪ್ಪಿದ. ಕಷ್ಟದಲ್ಲಿದ್ದ ಮನೆಯಲ್ಲಿ ಆ ಒಪ್ಪಿಗೆ ಸಣ್ಣ ವಿಷಯವಲ್ಲ.

ಆಗಿನ ಗಟಿಂಗೆನ್‌ನಲ್ಲಿ ಗೌಸ್ ಇದ್ದರೂ ಅವರಿಗೆ ಪಾಠ ಮಾಡುವುದೆಂದರೆ ಬೇಸರ. ಪ್ರಾಥಮಿಕ ಮಟ್ಟದ ಒಂದೋ ಎರಡೋ ವಿಷಯ ಹೇಳಿ ಮುಗಿಸುತ್ತಿದ್ದರು. ಹೀಗಾಗಿ ರೀಮನ್ ಎರಡು ವರ್ಷ ಬರ್ಲಿನ್‌ಗೆ ಹೋಗಿ ಯಾಕೋಬಿ, ಡಿರಿಷ್ಲೆ ಅವರಂಥವರ ಕೈಕೆಳಗೆ ಕಲಿತ. 1848ರಲ್ಲಿ ಬರ್ಲಿನ್‌ನಲ್ಲಿ ಕ್ರಾಂತಿಯೆದ್ದಾಗ ವಿದ್ಯಾರ್ಥಿ ಪಡೆಯ ಜೊತೆ ಅರಮನೆಯ ಕಾವಲಿಗೂ ನಿಂತ. ಮತ್ತೆ ಗಟಿಂಗೆನ್‌ಗೆ ಬಂದು 1851ರಲ್ಲಿ ಗೌಸ್ ಅವರಡಿ ಡಾಕ್ಟರೇಟ್ ಪಡೆದ. ಇಂದು ಗಣಿತದ ಸ್ನಾತಕೋತ್ತರ ವಿದ್ಯಾರ್ಥಿಗಳು ‘ರೀಮನ್ ಮೇಲ್ಮೈ’ ಎಂದು ಓದುವುದು ಆ ಪ್ರಬಂಧದಲ್ಲಿ ಹುಟ್ಟಿದ್ದು. ಮುಂದಿನ ಎರಡೂವರೆ ವರ್ಷ ಎರಡನೇ ಪ್ರಬಂಧಕ್ಕೆ ಹಿಡಿಯಿತು. ಬಿ.ಎಸ್ಸಿ.ಯಲ್ಲಿ ನಾವೆಲ್ಲ ಕಲಿಯುವ ‘ರೀಮನ್ ಅನುಕಲನ’ ಅದರಿಂದ ಬಂದದ್ದು.

ಉಳಿದದ್ದು ಉಪನ್ಯಾಸ. ಅಭ್ಯರ್ಥಿ ಮೂರು ವಿಷಯಗಳ ಪಟ್ಟಿ ಕೊಡಬೇಕಿತ್ತು. ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸುವುದು ವಾಡಿಕೆ. ರೀಮನ್ ಮೊದಲ ಎರಡಕ್ಕೆ ಚೆನ್ನಾಗಿ ತಯಾರಾಗಿದ್ದ. ಮೂರನೆಯದು ರೇಖಾಗಣಿತದ ತಳಹದಿಯಲ್ಲಿರುವ ಊಹೆಗಳ ಬಗ್ಗೆ. ಗೌಸ್ ವಾಡಿಕೆ ಮುರಿದು ಮೂರನೆಯದನ್ನೇ ಆರಿಸಿದರು. ಅದು ಅವರೇ ಹಲವಾರು ವರ್ಷ ತಲೆ ಕೆಡಿಸಿಕೊಂಡಿದ್ದ ವಿಷಯ. ಈ ಹುಡುಗ ಏನು ಹೇಳುತ್ತಾನೋ ಕೇಳೋಣ ಎಂಬ ಕುತೂಹಲ.

ರೀಮನ್‌ಗೆ ದಿಕ್ಕು ತೋಚದಾಯಿತು. ಆ ದಿನಗಳಲ್ಲಿ ಅವನು ಭೌತವಿಜ್ಞಾನಿ ವಿಲ್ಹೆಲ್ಮ್ ವೆಬರ್ ಅವರ ಪ್ರಯೋಗಾಲಯದಲ್ಲಿ ಸಹಾಯಕ. ವಿದ್ಯುತ್ತು, ಕಾಂತತೆ, ಬೆಳಕು, ಗುರುತ್ವ ಇವೆಲ್ಲದರ ನಡುವಿನ ಸಂಬಂಧವೇನು ಎಂಬ ಚಿಂತೆ ತಲೆಯಲ್ಲಿ ತುಂಬಿತ್ತು. ಅದರ ಮೇಲೆ ಈ ಉಪನ್ಯಾಸ. ಒತ್ತಡಕ್ಕೆ ಆರೋಗ್ಯ ಕೆಟ್ಟಿತು. ಕೆಲವು ವಾರ ಏನೂ ಮಾಡಲಾಗಲಿಲ್ಲ. ಈಸ್ಟರ್ ಕಳೆದ ಮೇಲೆ, ತೋಟವಿದ್ದ ಬೇರೊಂದು ಮನೆಗೆ ಬಿಡಾರ ಬದಲಿಸಿ, ಹೊರಗಿನ ಗಾಳಿ ಬೆಳಕಿನಲ್ಲಿ ಸುಧಾರಿಸಿಕೊಂಡು, ಏಳೆಂಟು ವಾರದೊಳಗೆ ಉಪನ್ಯಾಸ ಸಿದ್ಧ ಮಾಡಿದ. ಅದೂ ಸಾಲದೆಂಬಂತೆ ಗೌಸ್ ಅವರ ಕಾಯಿಲೆಯಿಂದ ದಿನಾಂಕ ಮುಂದಕ್ಕೆ ಹೋಗುತ್ತಲೇ ಇತ್ತು.

ಆತ ಅಲ್ಲಿ ಹೇಳಿದ್ದೇನು? ಇದನ್ನು ಹೇಳದೆ ರೀಮನ್‌ನ ಕತೆ ಹೇಳುವುದು ಊಟವಿಲ್ಲದ ಮದುವೆಯಂತೆ. ಆದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

1820ರ ದಶಕದಲ್ಲಿ ಗೌಸ್ ಅವರಿಗೆ ಹ್ಯಾನೋವರ್ ರಾಜ್ಯದ ಭೂಮಾಪನದ ಕೆಲಸ ಬಂದಿತ್ತು. ಬೆಟ್ಟದಿಂದ ಬೆಟ್ಟಕ್ಕೆ, ಗೋಪುರದಿಂದ ಗೋಪುರಕ್ಕೆ ದೊಡ್ಡ ದೊಡ್ಡ ತ್ರಿಕೋನಗಳನ್ನು ಅಳೆಯುವ ಕೆಲಸ. ಅದೇ ಹೊತ್ತಿನಲ್ಲಿ ಅವರ ತಲೆಯಲ್ಲಿದ್ದ ಪ್ರಶ್ನೆ ಇದು: ಭೂಮಿಯ ಮೇಲೇ ಇರುವವನು, ಆಕಾಶಕ್ಕೆ ಹಾರಿ ಕೆಳಗೆ ನೋಡದೆ, ಬರೀ ನೆಲದ ಮೇಲೆ ಹಗ್ಗ ಹಿಡಿದು ಅಳೆದು ತಾನು ನಿಂತ ನೆಲ ಬಾಗಿದೆಯೋ ಚಪ್ಪಟೆಯೋ ಎಂದು ಹೇಳಬಲ್ಲನೇ? ಹೇಳಬಲ್ಲ ಎಂದು ಗೌಸ್ 1827ರಲ್ಲಿ ಸಾಧಿಸಿ ತೋರಿಸಿದರು.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಕಾಗದವನ್ನು ಸುರುಳಿ ಸುತ್ತಿ. ನೋಡಲು ಬಾಗಿದಂತೆ ಕಾಣುತ್ತದೆ. ಆದರೆ ಬಿಚ್ಚಿದರೆ ಹರಿಯದೆ, ಸುಕ್ಕಾಗದೆ ಮತ್ತೆ ಚಪ್ಪಟೆಯಾಗುತ್ತದೆ. ಅದರ ಮೇಲೆ ಹರಿದಾಡುವ ಇರುವೆಗೆ ಅಳತೆಯಲ್ಲಿ ಯಾವ ವ್ಯತ್ಯಾಸವೂ ತಿಳಿಯದು. ಗೌಸ್ ಅವರ ಲೆಕ್ಕದಲ್ಲಿ ಆ ಸುರುಳಿಯ ವಕ್ರತೆ ಸೊನ್ನೆ. ಈಗ ಕಿತ್ತಳೆ ಹಣ್ಣಿನ ಸಿಪ್ಪೆ ಸುಲಿದು ಮೇಜಿನ ಮೇಲೆ ಒತ್ತಿ ನೋಡಿ. ಅಂಚು ಹರಿಯುತ್ತದೆ. ಚಪ್ಪಟೆಯಾಗಲು ಬೇಕಾದಷ್ಟು ಸುತ್ತಳತೆ ಅದಕ್ಕಿಲ್ಲ. ಎಣ್ಣೆಗೆ ಹಾಕಿದ ಹಪ್ಪಳ ಇದಕ್ಕೆ ಉಲ್ಟಾ. ಅಂಚು ಹೆಚ್ಚು ಹಿಗ್ಗಿ, ಜಾಗ ಸಾಲದೆ ಅಲೆ ಅಲೆಯಾಗಿ ಮೇಲೆ ಕೆಳಗೆ ಏಳುತ್ತದೆ. ಅದನ್ನು ಒತ್ತಿದರೆ ಮುರಿಯುತ್ತದೆಯೇ ಹೊರತು ಚಪ್ಪಟೆಯಾಗುವುದಿಲ್ಲ. ಸಿಪ್ಪೆಯದು ಧನ ವಕ್ರತೆ, ಹಪ್ಪಳದ ಅಂಚಿನದು ಋಣ ವಕ್ರತೆ. ಸಿಪ್ಪೆಯ ಮೇಲೆ ಬರೆದ ತ್ರಿಕೋನದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಹೆಚ್ಚು, ಹಪ್ಪಳದ ಅಂಚಿನಲ್ಲಿ ಕಡಿಮೆ. ಇರುವೆಗೆ ಕೋನಮಾಪಕ ಕೊಟ್ಟರೆ ಸಾಕು, ಮೇಲ್ಮೈ ಬಿಟ್ಟು ಹೊರಗೆ ಬರದೆಯೇ ತಾನು ಯಾವುದರ ಮೇಲಿದ್ದೇನೆಂದು ಹೇಳುತ್ತದೆ.

ಗೌಸ್ ಮೇಲ್ಮೈಗಳಲ್ಲೇ ನಿಂತರು. ಮೇಲ್ಮೈ ಎಂದರೆ ಎರಡು ಆಯಾಮ. ರೀಮನ್ ಇಡೀ ಪ್ರಶ್ನೆಯನ್ನು ಮೇಲ್ಮೈಯಿಂದ ಕಿತ್ತು ತೆಗೆದ. ನಾವು ಬದುಕುತ್ತಿರುವ ಮೂರು ಆಯಾಮದ ಜಾಗವೇ ಬಾಗಿರಬಾರದೇಕೆ? ಮೂರೇ ಏಕೆ, ನಾಲ್ಕು, ಐದು, ಎಷ್ಟು ಆಯಾಮವಾದರೂ ಇರಲಿ. ಅದನ್ನು ಹೊರಗಿನಿಂದ ನೋಡಲು ಇನ್ನೊಂದು ದೊಡ್ಡ ಜಾಗ ಬೇಕಿಲ್ಲ. ಒಳಗಿದ್ದೇ ಅಳೆಯಬಹುದು. ಇಂಥ ಜಾಗಗಳಿಗೆ ಅವನು ಕೊಟ್ಟ ಜರ್ಮನ್ ಹೆಸರು ಇಂಗ್ಲಿಷಿಗೆ ಹೋಗಿ ಇಂದು ನಮ್ಮ ಪಠ್ಯಕ್ರಮದಲ್ಲಿ ‘ಮ್ಯಾನಿಫೋಲ್ಡ್’ ಆಗಿದೆ.

ಅಳೆಯುವುದು ಹೇಗೆ? ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ನೆನಪಿಸಿಕೊಳ್ಳಿ. ಪೂರ್ವಕ್ಕೆ ಇಷ್ಟು ಹೆಜ್ಜೆ, ಉತ್ತರಕ್ಕೆ ಇಷ್ಟು ಹೆಜ್ಜೆ ಹೋದರೆ ನೇರ ದೂರದ ವರ್ಗ ಅವೆರಡರ ವರ್ಗಗಳ ಮೊತ್ತ. ಚಪ್ಪಟೆ ಜಾಗದಲ್ಲಿ ಈ ನಿಯಮ ಎಲ್ಲ ಕಡೆಯೂ ಒಂದೇ. ರೀಮನ್ ಹೇಳಿದ್ದು: ಬಹಳ ಚಿಕ್ಕ ಚಿಕ್ಕ ಹೆಜ್ಜೆಗಳಿಗೆ ಇದೇ ತರಹದ ನಿಯಮ ಇಟ್ಟುಕೊಳ್ಳೋಣ, ಆದರೆ ಅದರಲ್ಲಿನ ಗುಣಕಗಳು ಜಾಗದಿಂದ ಜಾಗಕ್ಕೆ ನಯವಾಗಿ ಬದಲಾಗಲಿ. ಒಂದೊಂದು ಊರಿಗೆ ಒಂದೊಂದು ಅಳತೆಗೋಲು ಇದ್ದಂತೆ. ಎರಡು ಆಯಾಮಕ್ಕೆ ಇಂಥ ಮೂರು ಗುಣಕ ಬೇಕು, ಮೂರಕ್ಕೆ ಆರು, ನಾಲ್ಕಕ್ಕೆ ಹತ್ತು. ಈ ಗುಣಕಗಳು ಗೊತ್ತಿದ್ದರೆ ಉದ್ದ, ಕೋನ, ಅತಿ ಹತ್ತಿರದ ದಾರಿ, ವಕ್ರತೆ ಎಲ್ಲವನ್ನೂ ಲೆಕ್ಕ ಹಾಕಬಹುದು. ಡಿಫರೆನ್ಷಿಯಲ್ ಜ್ಯಾಮಿತಿ ಓದುವವರು ‘ಮೆಟ್ರಿಕ್’ ಎನ್ನುವುದು ಇದನ್ನೇ. ಸ್ನಾತಕೋತ್ತರ ತರಗತಿಯಲ್ಲಿ ನಮಗೆ ಇದು ಮೊದಲು ಸಿಗುವುದು ಮೇಲೆ ಕೆಳಗೆ ಸಣ್ಣ ಅಕ್ಷರಗಳು ತುಂಬಿದ ಸೂತ್ರವಾಗಿ. ನನಗಂತೂ ಮೊದಲ ಎರಡು ತಿಂಗಳು ಆ ಅಕ್ಷರಗಳು ಇರುವೆ ಸಾಲಿನಂತೆ ಕಂಡವೇ ಹೊರತು ಅರ್ಥ ಕಾಣಲಿಲ್ಲ. ಕಿತ್ತಳೆ ಸಿಪ್ಪೆಯ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ವಿಚಿತ್ರವೆಂದರೆ ರೀಮನ್ ಆ ದಿನ ಸೂತ್ರಗಳನ್ನು ಹೆಚ್ಚುಕಡಿಮೆ ಬಳಸಲೇ ಇಲ್ಲ. ಕೇಳುವವರಲ್ಲಿ ಗಣಿತ ಬಲ್ಲವರು ಕಡಿಮೆ ಎಂದು ಗೊತ್ತಿದ್ದರಿಂದ ಎಲ್ಲವನ್ನೂ ಮಾತಿನಲ್ಲೇ ಹೇಳಿದ. ಇಡೀ ಉಪನ್ಯಾಸದಲ್ಲಿ ಎದ್ದು ಕಾಣುವ ಸೂತ್ರ ಒಂದೇ ಒಂದು.

ಕೊನೆಯ ಭಾಗದಲ್ಲಿ ಗಣಿತದಿಂದ ನಿಜವಾದ ಜಗತ್ತಿಗೆ ಬಂದ. ನಮ್ಮ ಸುತ್ತಲಿನ ಜಾಗ ಯೂಕ್ಲಿಡ್ ಹೇಳಿದಂತೆ ಚಪ್ಪಟೆಯಾಗಿದೆ ಎಂಬುದು ತರ್ಕದಿಂದ ಸಿದ್ಧವಾದ ಮಾತಲ್ಲ, ಅದು ಅಳೆದು ಪರೀಕ್ಷಿಸಬೇಕಾದ ಊಹೆ. ಎಲ್ಲೆ ಇಲ್ಲದಿರುವುದು ಬೇರೆ, ಅನಂತವಾಗಿರುವುದು ಬೇರೆ. ಭೂಮಿಯ ಮೇಲೆ ಎಷ್ಟು ನಡೆದರೂ ಅಂಚು ಸಿಗುವುದಿಲ್ಲ, ಹಾಗೆಂದು ಭೂಮಿ ಅನಂತವೇನಲ್ಲ. ವಿಶ್ವವೂ ಹಾಗಿರಬಹುದು. ಅತಿ ಸೂಕ್ಷ್ಮ ಅಳತೆಗಳಲ್ಲಿ ನಮ್ಮ ಈ ರೇಖಾಗಣಿತ ಪೂರ್ತಿ ಕೆಲಸಕ್ಕೆ ಬಾರದೇ ಹೋಗಬಹುದು. ಜಾಗಕ್ಕೆ ಇಂಥದ್ದೇ ಅಳತೆ ಏಕೆ ಎಂಬುದಕ್ಕೆ ಕಾರಣವನ್ನು ಅದರ ಮೇಲೆ ಕೆಲಸ ಮಾಡುವ ಬಲಗಳಲ್ಲಿ ಹುಡುಕಬೇಕಾದೀತು. ಇಷ್ಟು ಹೇಳಿ, ಮುಂದಿನದು ಭೌತವಿಜ್ಞಾನಕ್ಕೆ ಸೇರಿದ್ದು ಎಂದು ನಿಲ್ಲಿಸಿದ.

ಸಭೆಯಲ್ಲಿ ಎಷ್ಟು ಜನರಿಗೆ ಅರ್ಥವಾಯಿತು? ಗೌಸ್ ಅವರಿಗಂತೂ ಆಯಿತು. ಯಾರನ್ನೂ ಸುಲಭಕ್ಕೆ ಹೊಗಳದ ಮನುಷ್ಯ ಅವರು. ಉಪನ್ಯಾಸ ಮುಗಿದು ಮನೆಗೆ ಹೋಗುವಾಗ ವೆಬರ್ ಅವರೊಡನೆ ರೀಮನ್‌ನ ವಿಚಾರಗಳ ಆಳದ ಬಗ್ಗೆ ಅಪರೂಪದ ಉತ್ಸಾಹದಿಂದ ಮಾತಾಡಿದರಂತೆ. ಎಂಟು ತಿಂಗಳಲ್ಲಿ, 1855ರ ಫೆಬ್ರುವರಿಯಲ್ಲಿ, ಗೌಸ್ ತೀರಿಕೊಂಡರು. ಆ ಉಪನ್ಯಾಸದ ಬೆಲೆ ಸರಿಯಾಗಿ ಗೊತ್ತಿದ್ದ ಹಿರಿಯರೇ ಹೋದಂತಾಯಿತು.

ರೀಮನ್ ಅದನ್ನು ಅಚ್ಚಿಗೂ ಕೊಡಲಿಲ್ಲ. ಹುದ್ದೆಗೆ ಬೇಕಾಗಿತ್ತು, ಮುಗಿಯಿತು. ಕೈಬರಹದ ಹಾಳೆಗಳನ್ನು ಎತ್ತಿಟ್ಟು ಬೇರೆ ಕೆಲಸಕ್ಕೆ ಹೊರಟ.

ಆ ವರ್ಷ ಅವನ ಮೊದಲ ಪಾಠಕ್ಕೆ ಎಂಟು ವಿದ್ಯಾರ್ಥಿಗಳು ಬಂದರು. ಎಂಟೇ ಎಂದು ನಾವು ಅನ್ನಬಹುದು. ಇಷ್ಟು ಜನ ಬರುತ್ತಾರೆಂದು ಎಣಿಸಿರದ ರೀಮನ್ ಖುಷಿಯಿಂದ ಅಪ್ಪನಿಗೆ ಪತ್ರ ಬರೆದ. ಪಾಠ ಮಾಡುವುದೇನೂ ಸುಲಭವಾಗಿರಲಿಲ್ಲ. ಅವನ ಯೋಚನೆ ಓಡುವ ವೇಗಕ್ಕೆ ಕೇಳುವವರು ಹಿಂದೆ ಬೀಳುತ್ತಿದ್ದರು. ತನಗೆ ಸರಳ ಎನಿಸಿದ್ದು ಇವರಿಗೇಕೆ ಸರಳವಲ್ಲ ಎಂದು ಅವನಿಗೆ ಗಲಿಬಿಲಿ. ಮೆಲ್ಲ ಮೆಲ್ಲನೆ ವಿದ್ಯಾರ್ಥಿಗಳ ಮುಖ ನೋಡಿ ವೇಗ ಹೊಂದಿಸಿಕೊಳ್ಳುವುದನ್ನು ಕಲಿತ. ಮರುವರ್ಷ ಅವನು ತನ್ನ ಅತ್ಯಂತ ಹೊಸ ಸಂಶೋಧನೆಯನ್ನೇ ಪಾಠ ಮಾಡಿದಾಗ ಕೂತವರು ಮೂರೇ ಜನ. ಅವರಲ್ಲೊಬ್ಬ ರಿಚರ್ಡ್ ಡೆಡೆಕಿಂಡ್. ರೀಮನ್‌ನ ನಂತರ ಕೆಲವೇ ವಾರಗಳಲ್ಲಿ ಅದೇ ಸಂಬಳವಿಲ್ಲದ ಹುದ್ದೆಗೆ ಆಯ್ಕೆಯಾಗಿದ್ದವನು. ತಾನೂ ಅಧ್ಯಾಪಕನಾಗಿದ್ದುಕೊಂಡು ಗೆಳೆಯನ ತರಗತಿಯಲ್ಲಿ ವಿದ್ಯಾರ್ಥಿಯಾಗಿ ಕೂತ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಗೌಸ್ ಅವರ ಜಾಗಕ್ಕೆ ಬಂದ ಡಿರಿಷ್ಲೆ ತಮ್ಮ ಹಳೆಯ ಶಿಷ್ಯನಿಗೆ ಪ್ರಾಧ್ಯಾಪಕ ಹುದ್ದೆ ಕೊಡಿಸಲು ಓಡಾಡಿದರು. ಆಗಲಿಲ್ಲ. ಕೊನೆಗೆ ವರ್ಷಕ್ಕೆ 200 ಥಾಲರ್ ನೆರವು ಮಂಜೂರಾಯಿತು. ಅದು ಅವನ ಜೀವನದ ಮೊದಲ ಖಚಿತ ಆದಾಯ. ಆಗ ಅವನಿಗೆ 29 ವರ್ಷ.

ಆ ಹೊತ್ತಿಗೆ ಮನೆ ಕುಸಿಯತೊಡಗಿತ್ತು. ತಾಯಿ ಅವನು ಕಾಲೇಜು ಸೇರಿದ ಕಾಲಕ್ಕೇ ತೀರಿಕೊಂಡಿದ್ದಳು. 1855ರಲ್ಲಿ ಅಪ್ಪ ಹೋದ, ಒಬ್ಬ ತಂಗಿಯೂ ಹೋದಳು. ಪಾದ್ರಿಯ ಮನೆ ಚರ್ಚಿನದು, ಬಿಟ್ಟುಕೊಡಬೇಕಾಯಿತು. ಉಳಿದ ಅಕ್ಕತಂಗಿಯರು ಬ್ರೆಮೆನ್ ನಗರದಲ್ಲಿ ಅಂಚೆ ಇಲಾಖೆಯಲ್ಲಿದ್ದ ಸಹೋದರ ವಿಲ್ಹೆಲ್ಮ್‌ನ ಆಸರೆಗೆ ಹೋದರು. 1857ರಲ್ಲಿ ವಿಲ್ಹೆಲ್ಮ್ ಕೂಡ ಸತ್ತ. ಮೂವರು ಸಹೋದರಿಯರ ಹೊಣೆ ಈಗ ರೀಮನ್ ಮೇಲೆ. ಅದೇ ವರ್ಷ ಸಹ ಪ್ರಾಧ್ಯಾಪಕನಾಗಿ ಸಂಬಳ 300 ಥಾಲರ್‌ಗೆ ಏರಿತ್ತು. ಸ್ವಲ್ಪ ದಿನಕ್ಕೇ ಆ ಮೂವರಲ್ಲಿ ಒಬ್ಬಳೂ ತೀರಿಕೊಂಡಳು. ಒಂದರ ಮೇಲೊಂದು ಬಂದ ಈ ಸಾವುಗಳಿಗೆ ಆ ಮನೆಯ ದುರ್ಬಲ ಆರೋಗ್ಯವೇ ಕಾರಣ ಎನ್ನುತ್ತಾರೆ. ಇದೆಲ್ಲದರ ನಡುವೆ ಅವನು ಮಾಡಿದ ಗಣಿತವನ್ನು ನೋಡಿದರೆ ನಂಬಿಕೆ ಬರುವುದಿಲ್ಲ. ದಣಿದು ಮಂಕಾದಾಗ ಹಾರ್ಟ್ಸ್ ಬೆಟ್ಟಗಳ ಕಡೆ ಹೋಗಿ ಕೆಲವು ವಾರ ಇದ್ದು ಬಂದ. ಜೊತೆಗೆ ನಡೆದಾಡಲು ಡೆಡೆಕಿಂಡ್ ಹೋಗಿದ್ದ.

1859ರಲ್ಲಿ ಡಿರಿಷ್ಲೆ ತೀರಿಕೊಂಡಾಗ ಗೌಸ್ ಕೂತಿದ್ದ ಅದೇ ಪೀಠ 32 ವರ್ಷದ ರೀಮನ್‌ಗೆ ಬಂತು. ಅದೇ ವರ್ಷ ಬರ್ಲಿನ್ ಅಕಾಡೆಮಿ ಸದಸ್ಯತ್ವ ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಅವನು ಕಳುಹಿಸಿದ ಅವಿಭಾಜ್ಯ ಸಂಖ್ಯೆಗಳ ಕುರಿತ ಕಿರು ಲೇಖನದಲ್ಲಿ ಸಾಧನೆ ಇಲ್ಲದೆ ಬಿಟ್ಟ ಒಂದು ಊಹೆ ಇವತ್ತಿಗೂ ಬಗೆಹರಿದಿಲ್ಲ. ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಕಾದಿದೆ. ಆ ಕತೆಗೆ ಬೇರೆಯೇ ಲೇಖನ ಬೇಕು.

ಬಾಗಿದ ಜಾಗಗಳ ವಿಷಯಕ್ಕೆ ಅವನು ಬರಹದಲ್ಲಿ ಇನ್ನೊಮ್ಮೆ ಬಂದದ್ದು 1861ರಲ್ಲಿ. ಪ್ಯಾರಿಸ್ ಅಕಾಡೆಮಿ ಉಷ್ಣದ ಹರಿವಿನ ಬಗ್ಗೆ ಒಂದು ಬಹುಮಾನದ ಪ್ರಶ್ನೆ ಇಟ್ಟಿತ್ತು. ರೀಮನ್ ಲ್ಯಾಟಿನ್‌ನಲ್ಲಿ ಉತ್ತರ ಬರೆದು ಕಳುಹಿಸಿದ. 1854ರಲ್ಲಿ ಮಾತಿನಲ್ಲಿ ಹೇಳಿದ್ದ ವಕ್ರತೆಗೆ ಅದರಲ್ಲಿ ಸೂತ್ರವಿತ್ತು. ಇಂದು ವಿಶ್ವವಿದ್ಯಾಲಯಗಳಲ್ಲಿ ‘ರೀಮನ್ ವಕ್ರತಾ ಟೆನ್ಸರ್’ ಎಂದು ಕಲಿಸುವುದರ ಬೇರು ಅದು. ಬಹುಮಾನ ಬರಲಿಲ್ಲ. ಲೆಕ್ಕದ ವಿವರಗಳನ್ನು ಪೂರ್ತಿ ಬಿಡಿಸಿ ತೋರಿಸಿಲ್ಲ ಎಂಬುದು ಅದಕ್ಕೆ ಕಾರಣ. ಪರೀಕ್ಷೆಯಲ್ಲಿ ನಡುವಿನ ಹಂತ ಬಿಟ್ಟು ಅಂಕ ಕಳೆದುಕೊಂಡವರಿಗೆ ಸಮಾಧಾನ ಬೇಕಿದ್ದರೆ ಇಲ್ಲಿದೆ.

1862ರ ಜೂನ್‌ನಲ್ಲಿ ಸಹೋದರಿಯ ಗೆಳತಿ ಎಲಿಸ್ ಕೊಖ್ ಜೊತೆ ಮದುವೆಯಾಯಿತು. ಹೆಚ್ಚು ದಿನ ಕಳೆದಿರಲಿಲ್ಲ, ಎದೆಗೆ ಶೀತ ಹತ್ತಿ ಶ್ವಾಸಕೋಶದ ಪೊರೆಗೆ ಬಾವು ಬಂತು. ಅದು ಕ್ಷಯಕ್ಕೆ ತಿರುಗಿತು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಬೆಚ್ಚಗಿನ ಊರಿಗೆ ಹೋಗಿರಿ ಎನ್ನುವುದೇ ವೈದ್ಯರ ಸಲಹೆ. ಸರ್ಕಾರ ಪ್ರಯಾಣಕ್ಕೆ ಹಣ ಕೊಟ್ಟಿತು. ಗಂಡ ಹೆಂಡತಿ ಇಟಲಿಗೆ ಹೋದರು. ಮೊದಲ ಚಳಿಗಾಲ ಸಿಸಿಲಿ ದ್ವೀಪದ ಮೆಸ್ಸೀನಾದಲ್ಲಿ. ಆಮೇಲೆ ಪೀಸಾದಲ್ಲಿ. ಅಲ್ಲೇ 1863ರ ಕೊನೆಯಲ್ಲಿ ಮಗಳು ಹುಟ್ಟಿದಳು. ತೀರಿಹೋದ ತಂಗಿಯರ ಮನೆತನದ ಈ ಮಗುವಿಗೆ ಈಡಾ ಎಂದು ಹೆಸರಿಟ್ಟರು.

ಕಾಯಿಲೆಯ ಆ ದಿನಗಳಲ್ಲೇ ಅವನಿಗೆ ಒಳ್ಳೆಯ ಗೆಳೆಯರು ಸಿಕ್ಕಿದ್ದು ಸೋಜಿಗ. ಪೀಸಾದ ಎನ್ರಿಕೊ ಬೆಟ್ಟಿ, ಯುಜೀನಿಯೊ ಬೆಲ್ಟ್ರಾಮಿ ಅವರೊಡನೆ ಗಂಟೆಗಟ್ಟಲೆ ಚರ್ಚೆ. ಜರ್ಮನಿಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದವನು ಇಟಲಿಯಲ್ಲಿ ಸಲೀಸಾಗಿ ಮಾತಾಡತೊಡಗಿದ. ಪೀಸಾದಲ್ಲೇ ಪ್ರಾಧ್ಯಾಪಕರಾಗಿ ಎಂದು ಕರೆದರು. ಆರೋಗ್ಯ ಬಿಡಲಿಲ್ಲ, ಒಲ್ಲೆನೆಂದ. ಆ ಮಾತುಕತೆಗಳು ಮಾತ್ರ ವ್ಯರ್ಥವಾಗಲಿಲ್ಲ. ಬಾಗಿದ ಜಾಗಗಳ ಗಣಿತ ಮುಂದಿನ ತಲೆಮಾರಿನಲ್ಲಿ ಇಟಲಿಯಲ್ಲೇ ಬೆಳೆಯಿತು.

1866ರ ಜೂನ್. ಗಟಿಂಗೆನ್‌ಗೆ ವಾಪಸಾಗಿ ಒಂದು ಚಳಿಗಾಲ ಕಳೆದಿದ್ದ ರೀಮನ್ ಮತ್ತೆ ಇಟಲಿಗೆ ಹೊರಟ. ಪ್ರಷ್ಯಾ ಮತ್ತು ಹ್ಯಾನೋವರ್ ನಡುವೆ ಯುದ್ಧ ಶುರುವಾದ ದಿನಗಳವು. ರೈಲು ಹಳಿ ಕಿತ್ತು ಹೋಗಿದ್ದ ಕಡೆ ಗಾಡಿಯಲ್ಲಿ ಸಾಗಿ ಹೇಗೋ ಮಜ್ಜೋರೆ ಸರೋವರದ ದಂಡೆಯ ಸೆಲಾಸ್ಕಾ ಎಂಬ ಊರು ತಲುಪಿದ. ಅಲ್ಲಿ ಅವನು ಕೈಗೆತ್ತಿಕೊಂಡಿದ್ದು ಕಿವಿ ಹೇಗೆ ಶಬ್ದ ಗ್ರಹಿಸುತ್ತದೆ ಎಂಬ ಲೇಖನ. ಸಾಯುವ ಹಿಂದಿನ ದಿನ ಅಂಜೂರದ ಮರದಡಿ ಮಲಗಿಕೊಂಡೇ ಅದರ ಮೇಲೆ ಕೆಲಸ ಮಾಡುತ್ತಿದ್ದ. ಜುಲೈ 20ರಂದು, ಎಲಿಸ್ ಪಕ್ಕದಲ್ಲಿ ಪ್ರಾರ್ಥನೆ ಹೇಳುತ್ತಿರುವಾಗ, ಪ್ರಾಣ ಹೋಯಿತು. ನಲವತ್ತು ತುಂಬಲು ಎರಡು ತಿಂಗಳಿತ್ತು. ಲೇಖನ ಪೂರ್ತಿಯಾಗಲಿಲ್ಲ. ಸರೋವರದ ಬಳಿಯ ಬಿಗಾನ್ಸೊಲೊದಲ್ಲಿ ಮಣ್ಣು ಮಾಡಿದರು. ಅವನು ಹುಟ್ಟಿದ ಹ್ಯಾನೋವರ್ ರಾಜ್ಯವೂ ಅದೇ ವರ್ಷ ಪ್ರಷ್ಯಾದೊಳಗೆ ಸೇರಿ ಇಲ್ಲವಾಯಿತು.

ಉಳಿದ ಕಾಗದಪತ್ರಗಳು ಡೆಡೆಕಿಂಡ್ ಕೈ ಸೇರಿದವು. ಅವನು ಆ ರಾಶಿಯೊಳಗಿಂದ 1854ರ ಉಪನ್ಯಾಸವನ್ನು ತೆಗೆದು 1868ರಲ್ಲಿ ಗಟಿಂಗೆನ್‌ನ ವಿಜ್ಞಾನ ಸಂಘದ ಸಂಪುಟದಲ್ಲಿ ಅಚ್ಚು ಹಾಕಿಸಿದ. ಸುಮಾರು ಇಪ್ಪತ್ತು ಪುಟ. ಹದಿನಾಲ್ಕು ವರ್ಷ ಸುಮ್ಮನಿದ್ದ ಆ ಪುಟಗಳ ಮೇಲೆ ಯುರೋಪಿನ ಗಣಿತಜ್ಞರು ಮುಗಿಬಿದ್ದರು. ಕ್ರಿಸ್ಟೊಫೆಲ್ ಮರುವರ್ಷವೇ ಲೆಕ್ಕಗಳನ್ನು ಬಿಡಿಸಿದ. 1873ರಲ್ಲಿ ವಿಲಿಯಂ ಕ್ಲಿಫರ್ಡ್ ಇಂಗ್ಲಿಷಿಗೆ ಅನುವಾದಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಇಟಲಿಯ ರಿಚ್ಚಿ, ಲೆವಿ-ಚಿವಿತಾ ಸೇರಿ ಅದಕ್ಕೊಂದು ಪೂರ್ತಿ ಭಾಷೆ ಕಟ್ಟಿದರು. ಗುರುತ್ವ ಎಂದರೆ ಬಾಗಿದ ದೇಶಕಾಲವೇ ಇರಬೇಕು ಎಂದು ಹೊಳೆದರೂ ಅದನ್ನು ಬರೆಯುವ ಗಣಿತ ಗೊತ್ತಿಲ್ಲದೆ 1912ರಲ್ಲಿ ಒದ್ದಾಡುತ್ತಿದ್ದ ಐನ್‌ಸ್ಟೈನ್‌ಗೆ ಕಾಲೇಜು ಗೆಳೆಯ ಮಾರ್ಸೆಲ್ ಗ್ರಾಸ್‌ಮನ್ ತೋರಿಸಿಕೊಟ್ಟದ್ದು ಇದೇ ಭಾಷೆಯನ್ನು. ನಾಲ್ಕು ಆಯಾಮಕ್ಕೆ ಬೇಕಾದ ಹತ್ತು ಗುಣಕಗಳು ಆಗ ಗುರುತ್ವವನ್ನೇ ವಿವರಿಸುವ ಹತ್ತು ಅಂಶಗಳಾದವು. 1915ರ ನವೆಂಬರ್‌ನಲ್ಲಿ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳು ಬಂದವು.

ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ನೋಡಿದವರಿಗೆ ಸಿ.ವಿ. ವಿಶ್ವೇಶ್ವರ ಅವರ ಹೆಸರು ಗೊತ್ತಿರುತ್ತದೆ. ಅದರ ಸ್ಥಾಪಕ ನಿರ್ದೇಶಕರು. ಕಪ್ಪುಕುಳಿಯ ಸುತ್ತ ಬಾಗಿದ ದೇಶಕಾಲವನ್ನು ಕದಲಿಸಿದರೆ, ಹೊಡೆದ ಗಂಟೆಯಂತೆ ಅದು ಮಿಡಿದು ಮೆಲ್ಲಗೆ ಅಡಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಅವರು. ಆ ಲೇಖನ 1970ರಲ್ಲಿ ಬಂದದ್ದೂ ‘ನೇಚರ್’ನಲ್ಲೇ. ಅಂಥ ಮಿಡಿತದ ಕೊನೆಯುಳ್ಳ ಗುರುತ್ವದ ಅಲೆ ಭೂಮಿಯ ಮೇಲಿನ ಉಪಕರಣಗಳಿಗೆ ಮೊದಲ ಬಾರಿ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು. ಅದನ್ನು ಕಾಣುವವರೆಗೂ ವಿಶ್ವೇಶ್ವರ ಅವರು ನಮ್ಮೊಡನಿದ್ದರು. ರೀಮನ್‌ಗೆ ತನ್ನ ಉಪನ್ಯಾಸ ಅಚ್ಚಾದದ್ದನ್ನು ನೋಡುವ ಯೋಗವೂ ಇರಲಿಲ್ಲ.

ಅಂದಹಾಗೆ, ನನ್ನ ಡೆಮೊ ಕ್ಲಾಸಿನ ಫಲಿತಾಂಶ ಏನಾಯಿತೆಂದು ಕೇಳುತ್ತೀರಾ? ಆಯ್ಕೆಯಾಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಾಲೇಜಿನಲ್ಲಿದೆ. ಅವರೂ ಮೂರು ವಿಷಯ ಕೇಳಿದ್ದಾರೆ. ಮೂರನೆಯದಾಗಿ ಮೇಲ್ಮೈಗಳ ವಕ್ರತೆ ಎಂದು ಬರೆದು ಕಳುಹಿಸಿದ್ದೇನೆ. ಅದನ್ನೇ ಮೊದಲು ಓದಿಕೊಳ್ಳುತ್ತಿದ್ದೇನೆ. ಚೀಲದಲ್ಲಿ ಒಂದು ಕಿತ್ತಳೆ ಹಣ್ಣೂ ಇರುತ್ತದೆ.